ಲೆಕ್ಕ ಬರೆದಿಟ್ಟ ಹಿಪ್ಪಿಗಳು

1967ರ ಅಕ್ಟೋಬರ್ 6ರಂದು ಸ್ಯಾನ್ ಫ್ರಾನ್ಸಿಸ್ಕೋದ ಹೇಟ್-ಆ್ಯಷ್‌ಬರಿ ಬಡಾವಣೆಯಲ್ಲಿ ಒಂದು ಅಣಕು ಶವಯಾತ್ರೆ ಹೊರಟಿತು. ಪೆಟ್ಟಿಗೆ ಹೊತ್ತವರು ಹಿಪ್ಪಿಗಳು, ಸತ್ತವನೂ ಹಿಪ್ಪಿಯೇ. ಪತ್ರಿಕೆಗಳೂ ಟಿವಿಯೂ ಸೇರಿ ಹುಟ್ಟಿಸಿದ ಆ ವೇಷಧಾರಿ ತೀರಿಕೊಂಡಿದ್ದಾನೆ, ಇನ್ನು ಯಾರೂ ಅವನನ್ನು ಹುಡುಕಿಕೊಂಡು ಇಲ್ಲಿಗೆ ಬರಬೇಕಾಗಿಲ್ಲ, ಏನಾದರೂ ಮಾಡುವುದಿದ್ದರೆ ನಿಮ್ಮ ನಿಮ್ಮ ಊರುಗಳಲ್ಲೇ ಮಾಡಿ ಎಂಬುದು ಆ ಮೆರವಣಿಗೆಯ ಸಾರವಾಗಿತ್ತು. ಅದೇ ವರ್ಷದ ಜನವರಿ 14ರಂದು ಗೋಲ್ಡನ್ ಗೇಟ್ ಪಾರ್ಕಿನಲ್ಲಿ ಸಾವಿರಾರು ಜನ ಸೇರಿ ಹೊಸ ಯುಗ ಬಂತೆಂದು ಸಂಭ್ರಮಿಸಿದ್ದರು. ಬೇಸಗೆಯಲ್ಲಿ ದೇಶದ ಮೂಲೆಮೂಲೆಯಿಂದ ಹದಿಹರೆಯದವರು ಬಂದು ಆ ಬೀದಿಗಳನ್ನು ತುಂಬಿದ್ದರು. ಜೂನ್‌ನಲ್ಲಿ ಡೇವಿಡ್ ಸ್ಮಿತ್ ಎಂಬ ಯುವ ವೈದ್ಯರು ಅಲ್ಲಿ ಉಚಿತ ಚಿಕಿತ್ಸಾಲಯ ತೆರೆದರು. ಹೂ ಮುಡಿದು ಬಂದವರಲ್ಲಿ ಅನೇಕರು ಕೆಲವೇ ವಾರಗಳಲ್ಲಿ ಆ ಚಿಕಿತ್ಸಾಲಯದ ರೋಗಿಗಳಾಗಿದ್ದರು. ಯುಗ ಆರಂಭವಾಗಿ ಒಂಬತ್ತು ತಿಂಗಳು ತುಂಬುವುದರೊಳಗೆ ಅದರ ತಿಥಿಯನ್ನೂ ಅವರೇ ಮಾಡಿ ಮುಗಿಸಿದರು ಎನ್ನಬಹುದು.

ಆಗ ಇಪ್ಪತ್ತರ ಆಸುಪಾಸಿನಲ್ಲಿದ್ದವರು ಈಗ ಎಂಬತ್ತರ ಹೊಸ್ತಿಲಿನಲ್ಲಿದ್ದಾರೆ. ಅವರು ಕೊನೆಗೆ ಏನಾದರು ಎಂಬ ಪ್ರಶ್ನೆಗೆ ಸಿದ್ಧವಾಗಿರುವ ಉತ್ತರಗಳು ಎರಡು. ಮೊದಲನೆಯದು ಜೆರ್ರಿ ರೂಬಿನ್ ಅವರದು: ವಿಯೆಟ್ನಾಂ ಯುದ್ಧದ ವಿರುದ್ಧ ಬೀದಿಗಿಳಿದು ಬಂಡವಾಳಶಾಹಿಯನ್ನು ಗೇಲಿ ಮಾಡುತ್ತಿದ್ದ ಈ ಮನುಷ್ಯ 1980ರಲ್ಲಿ ವಾಲ್‌ಸ್ಟ್ರೀಟಿನ ಷೇರು ವ್ಯವಹಾರದ ಕಂಪನಿಯೊಂದನ್ನು ಸೇರಿದರು. ಎರಡನೆಯದು ಗೋವೆಯ ‘ಎಂಟು ಬೆರಳಿನ ಎಡ್ಡಿ’ ಎಂದೇ ಹೆಸರಾಗಿದ್ದ ಅಮೆರಿಕನ್ನರದು: ಅಂಜುನದ ಕಡಲ ತೀರದಲ್ಲಿ ಹಸಿದವರಿಗೆ ಗಂಜಿ ಕಾಯಿಸಿ ಹಾಕುತ್ತಾ, ಎಲ್ಲಿಗೂ ಹಿಂತಿರುಗದೆ, ಎಂಬತ್ತು ದಾಟುವ ತನಕ ಬದುಕಿ 2010ರಲ್ಲಿ ಗೋವೆಯಲ್ಲೇ ತೀರಿಕೊಂಡರು. ಒಬ್ಬರು ಮಾರಿಕೊಂಡರು, ಇನ್ನೊಬ್ಬರು ಮಾರಿಕೊಳ್ಳಲಿಲ್ಲ. ಈ ಎರಡು ಖಾನೆಗಳಲ್ಲಿ ಇಡೀ ಪೀಳಿಗೆಯನ್ನು ತುಂಬಿಬಿಡುವುದು ಬಹಳ ಸುಲಭ, ಅಮೆರಿಕದ ಪತ್ರಿಕೆಗಳು ನಲವತ್ತು ವರ್ಷಗಳಿಂದ ಮಾಡುತ್ತಾ ಬಂದಿರುವುದೂ ಅದನ್ನೇ.

ನಮ್ಮ ಕಡೆಯಂತೂ ಈ ವಿಷಯ ಕೂದಲಿನಿಂದ ಆಚೆಗೆ ಹೋದದ್ದೇ ಕಡಿಮೆ. ಎಪ್ಪತ್ತರ ದಶಕದಲ್ಲಿ ಕಾಲೇಜಿಗೆ ಹೋಗುತ್ತಿದ್ದ ಮಗ ಕಿವಿ ಮುಚ್ಚುವಷ್ಟು ಕೂದಲು ಬಿಟ್ಟರೆ ‘ಏನೋ ಇದು ಹಿಪ್ಪಿ ಅವತಾರ’ ಎಂದು ಬೈಯದ ಅಪ್ಪಂದಿರು ವಿರಳ. ಆಮೇಲೆ ಗೋಕರ್ಣದ ಕುಡ್ಲೆ ಮತ್ತು ಓಂ ಕಡಲತೀರಗಳಲ್ಲಿ, ಹಂಪಿಯ ಹೊಳೆಯಾಚೆಗಿನ ವಿರೂಪಾಪುರ ಗಡ್ಡೆಯಲ್ಲಿ ಜೋಳಿಗೆ ಹಾಕಿಕೊಂಡ ಬಿಳಿಯರನ್ನು ಕಂಡು, ಹಿಪ್ಪಿಗಳೆಂದರೆ ಇವರೇ ಎಂದು ನಾವು ತೀರ್ಮಾನಿಸಿದೆವು. ಆ ಗಡ್ಡೆಯ ಅನಧಿಕೃತ ರೆಸಾರ್ಟುಗಳನ್ನು ಸುಪ್ರೀಂ ಕೋರ್ಟಿನ ಆದೇಶದ ಮೇರೆಗೆ 2020ರಲ್ಲಿ ಕೆಡವಲಾಯಿತು. ಅಲ್ಲಿ ತಂಗುತ್ತಿದ್ದವರಲ್ಲಿ ಬಹುಪಾಲು ಮಂದಿ ಎರಡು ವಾರ ರಜೆಯ ಮೇಲೆ ಬಂದ ಯುವ ಪ್ರವಾಸಿಗರಾಗಿದ್ದರು. ಅವರ ಅಜ್ಜ-ಅಜ್ಜಿಯರ ಕತೆ ಬೇರೆ ಕಡೆಯೇ ನಡೆದಿತ್ತು.

ಅದು ನಡೆದ ಜಾಗಗಳಲ್ಲೊಂದು ನಾನು ನೆಲೆಸಿರುವ ನ್ಯಾಶ್‌ವಿಲ್‌ನಿಂದ ದಕ್ಷಿಣಕ್ಕೆ ಕಾರಿನಲ್ಲಿ ಒಂದೂವರೆ ಗಂಟೆಯ ದಾರಿ. ಟೆನೆಸೀ ರಾಜ್ಯದ ಸಮ್ಮರ್‌ಟೌನ್ ಎಂಬ ಪುಟ್ಟ ಊರಿನ ಹತ್ತಿರ, ಓಕ್ ಮರಗಳ ಕಾಡಿನ ನಡುವೆ ಇರುವ ಆ ನೆಲೆಯ ಹೆಸರು ದಿ ಫಾರ್ಮ್. ಕೊರಿಯಾ ಯುದ್ಧದಲ್ಲಿ ಸೈನಿಕರಾಗಿದ್ದು, ಆಮೇಲೆ ಸ್ಯಾನ್ ಫ್ರಾನ್ಸಿಸ್ಕೋದ ಕಾಲೇಜಿನಲ್ಲಿ ಪಾಠ ಹೇಳುತ್ತಿದ್ದ ಸ್ಟೀಫನ್ ಗ್ಯಾಸ್ಕಿನ್ ಅಲ್ಲಿ ಪ್ರತಿ ಸೋಮವಾರ ರಾತ್ರಿ ಒಂದು ಮುಕ್ತ ತರಗತಿ ನಡೆಸುತ್ತಿದ್ದರು. ಧರ್ಮ, ಧ್ಯಾನ, ಮಾದಕ ದ್ರವ್ಯದಿಂದ ಕಂಡ ದರ್ಶನಗಳು, ಹೇಗೆ ಬದುಕಬೇಕು ಎಂಬ ಪ್ರಶ್ನೆ ಎಲ್ಲವೂ ಅಲ್ಲಿ ಚರ್ಚೆಗೆ ಬರುತ್ತಿದ್ದವು. ಕೇಳುಗರು ಸಾವಿರ ದಾಟಿದ್ದರು. 1970ರ ಅಕ್ಟೋಬರಿನಲ್ಲಿ ಗ್ಯಾಸ್ಕಿನ್ ಉಪನ್ಯಾಸ ಪ್ರವಾಸಕ್ಕೆ ಹೊರಟಾಗ ಹಳೆಯ ಶಾಲಾ ಬಸ್ಸುಗಳನ್ನು ಕೊಂಡು, ಅವುಗಳಲ್ಲಿ ಒಲೆ ಹಾಸಿಗೆ ಜೋಡಿಸಿಕೊಂಡು, ನೂರಾರು ಶಿಷ್ಯರು ಅವರ ಹಿಂದೆಯೇ ನಡೆದರು. ದೇಶ ಸುತ್ತಿ ಬಂದ ಆ ಬಸ್ಸುಗಳ ಸಾಲು 1971ರಲ್ಲಿ ಟೆನೆಸೀಗೆ ಬಂದು ನಿಂತಿತು. ಎಕರೆಗೆ ಸುಮಾರು 70 ಡಾಲರಿನಂತೆ ಸಾವಿರ ಎಕರೆಯಷ್ಟು ಕಾಡುನೆಲ ಕೊಂಡರು, ಆಮೇಲೆ ಪಕ್ಕದ ನೆಲವನ್ನೂ ಸೇರಿಸಿಕೊಂಡರು.

ಬಂದವರು ಬಹುಪಾಲು ಪಟ್ಟಣದ ಮಧ್ಯಮ ವರ್ಗದ ಮಕ್ಕಳು, ನೇಗಿಲು ಹಿಡಿದವರಲ್ಲ. ಹೊಳೆಯ ನೀರಿನಲ್ಲಿ ಬೆಳೆದ ಸೊಪ್ಪನ್ನು ಹಸಿಯಾಗಿಯೇ ತಿಂದು ಮೊದಲ ವರ್ಷವೇ ಕಾಮಾಲೆ ಹಬ್ಬಿಸಿಕೊಂಡರು. ಮಾಂಸವಿಲ್ಲ, ಮದ್ಯವಿಲ್ಲ, ತಂಬಾಕೂ ಇಲ್ಲ. ಗಾಂಜಾ ಮಾತ್ರ ಇತ್ತು, ಅದನ್ನು ಬೆಳೆದ ಪ್ರಕರಣದಲ್ಲಿ 1974ರಲ್ಲಿ ಗ್ಯಾಸ್ಕಿನ್ ಜೈಲಿಗೂ ಹೋದರು. ಸೇರಿದವರು ತಮ್ಮ ಕೈಲಿದ್ದ ಹಣ, ಅಪ್ಪ-ಅಮ್ಮನಿಂದ ಬಂದ ಆಸ್ತಿ ಎಲ್ಲವನ್ನೂ ಸಮುದಾಯದ ಹುಂಡಿಗೆ ಹಾಕಬೇಕಿತ್ತು. ಯಾರಿಗೂ ಸಂಬಳವಿಲ್ಲ, ಅಂಗಡಿಯಲ್ಲಿ ಬೇಕಾದದ್ದನ್ನು ಕೇಳಿ ಪಡೆಯಬೇಕು. ಜೋಡಿಯಾಗಿ ಮಲಗಿದರೆ ನಿಶ್ಚಿತಾರ್ಥವಾಯಿತು, ಬಸುರಾದರೆ ಮದುವೆಯಾಯಿತು ಎಂಬ ನಿಯಮವೂ ಅಲ್ಲಿತ್ತು. ಮುಕ್ತ ಪ್ರೇಮದ ಕತೆಗಳನ್ನು ಕೇಳಿದವರಿಗೆ ಇದು ಅಚ್ಚರಿ ಹುಟ್ಟಿಸೀತು. ನಮ್ಮ ಊರಿನ ಹಿರಿಯರು ಹಿಪ್ಪಿಗಳ ಬಗ್ಗೆ ಇಷ್ಟೊಂದು ತಿಳಿದಿದ್ದರೆ ಬೈಯುವ ಮೊದಲು ಸ್ವಲ್ಪ ಯೋಚಿಸುತ್ತಿದ್ದರೋ ಏನೋ.

ಸೋಯಾ ಅವರ ಮುಖ್ಯ ಆಹಾರವಾಯಿತು. ಸೋಯಾ ಹಾಲು, ತೋಫು, ಟೆಂಪೆ, ಕೊನೆಗೆ ಸೋಯಾ ಐಸ್‌ಕ್ರೀಮ್ ಕೂಡ ಅವರೇ ಮಾಡಿಕೊಂಡರು, ಅಡುಗೆ ಪುಸ್ತಕಗಳನ್ನು ಅವರೇ ಅಚ್ಚು ಹಾಕಿದರು. ಇಂದು ಅಮೆರಿಕದ ಯಾವ ಅಂಗಡಿಗೆ ಹೋದರೂ ಸಿಗುವ ಈ ಪದಾರ್ಥಗಳನ್ನು ಅಲ್ಲಿನ ಹಳ್ಳಿಗಾಡಿನಲ್ಲಿ ಆಗ ಕಂಡವರಿರಲಿಲ್ಲ. ಗ್ವಾಟೆಮಾಲಾದಲ್ಲಿ 1976ರ ಫೆಬ್ರವರಿಯಲ್ಲಿ ಭೂಕಂಪವಾದಾಗ ಇಲ್ಲಿಂದ ಬಡಗಿಗಳು ಹೋಗಿ ಮನೆ ಕಟ್ಟಿಕೊಟ್ಟರು. ಪ್ಲೆಂಟಿ ಎಂಬ ಅವರ ಸೇವಾ ಸಂಸ್ಥೆ ನ್ಯೂಯಾರ್ಕಿನ ಸೌತ್ ಬ್ರಾಂಕ್ಸ್‌ನಲ್ಲಿ ಉಚಿತ ಆಂಬ್ಯುಲೆನ್ಸ್ ನಡೆಸಿತು. ಪರ್ಯಾಯ ನೊಬೆಲ್ ಎಂದು ಕರೆಯಲಾಗುವ ರೈಟ್ ಲೈವ್ಲಿಹುಡ್ ಪ್ರಶಸ್ತಿ 1980ರಲ್ಲಿ ಆರಂಭವಾದಾಗ ಮೊದಲ ವರ್ಷವೇ ಗ್ಯಾಸ್ಕಿನ್ ಮತ್ತು ಪ್ಲೆಂಟಿಗೆ ಬಂದಿತು. ಇಷ್ಟೆಲ್ಲ ಹೇಳಿದರೂ, ಈ ಜಾಗದ ನಿಜವಾದ ಸಾಧನೆ ಯಾವುದು ಎಂದು ಯಾರಾದರೂ ನನ್ನನ್ನು ಕೇಳಿದರೆ ನಾನು ತೋರಿಸುವುದು ಹೆರಿಗೆಗಳ ಒಂದು ಪಟ್ಟಿಯನ್ನು.

ಬಸ್ಸುಗಳ ಪ್ರಯಾಣದ ಹೊತ್ತಿಗೇ ಹಲವು ಹೆಂಗಸರು ತುಂಬು ಬಸುರಿಯರಾಗಿದ್ದರು. ಷಿಕಾಗೋ ಬಳಿ ವಿಶ್ವವಿದ್ಯಾಲಯವೊಂದರ ವಾಹನ ನಿಲುಗಡೆಯಲ್ಲಿ ಬಸ್ಸಿನೊಳಗೇ ಒಂದು ಮಗು ಹುಟ್ಟಿತು. ಅದನ್ನು ಕಂಡ ಐನಾ ಮೇ ಎಂಬ ತರುಣಿ ಸೂಲಗಿತ್ತಿಯ ಕೆಲಸ ಕಲಿಯಲು ಹೊರಟರು. ಅದೇ ಪ್ರಯಾಣದಲ್ಲಿ ಅವರ ಸ್ವಂತ ಮಗು ದಿನ ತುಂಬುವ ಮೊದಲೇ ಹುಟ್ಟಿ ಉಳಿಯಲಿಲ್ಲ. ಸಮ್ಮರ್‌ಟೌನ್‌ಗೆ ಬಂದ ಮೇಲೆ, ಆಧುನಿಕ ಸೌಕರ್ಯಗಳಿಂದ ದೂರವಿರುವ ನೆರೆಯ ಆಮಿಷ್ ಎಂಬ ಕ್ರೈಸ್ತ ಸಮುದಾಯದವರ ಮನೆಗಳಿಗೆ ಹೋಗಿ ಹೆರಿಗೆ ಮಾಡಿಸುತ್ತಿದ್ದ ಸ್ಥಳೀಯ ವೈದ್ಯರೊಬ್ಬರು ಈ ಹುಡುಗಿಯರಿಗೆ ಕಲಿಸಿದರು, ಕರೆದಾಗ ಬಂದರು, ಯಾವಾಗ ಆಸ್ಪತ್ರೆಗೆ ಕಳಿಸಬೇಕು ಎಂಬುದನ್ನು ತಿಳಿಸಿಕೊಟ್ಟರು. ನನ್ನ ಮಟ್ಟಿಗೆ ಈ ಕತೆಯ ಅರ್ಧ ಶ್ರೇಯ ಹಿಪ್ಪಿಗಳನ್ನು ಓಡಿಸದೆ ಕೈಹಿಡಿದು ಕಲಿಸಿದ ಆ ಹಳ್ಳಿಯ ವೈದ್ಯರಿಗೆ ಸಲ್ಲಬೇಕು.

ಐನಾ ಮೇ 1975ರಲ್ಲಿ ಹೊರತಂದ ಹೆರಿಗೆಯ ಪುಸ್ತಕದಲ್ಲಿ ತಾಯಂದಿರ ಅನುಭವ ಕಥನಗಳು ತುಂಬಿವೆ. ಆ ಕಾಲದ ಭಾಷೆ ಈಗ ಓದುವಾಗ ನಗು ತರಿಸುತ್ತದೆ, ಎಲ್ಲ ನೋವೂ ಅಲ್ಲಿ ಅಲೆ, ಎಲ್ಲ ಅಲೆಯೂ ದಿವ್ಯ. ಆದರೆ ಮುಂದಿನ ಮುದ್ರಣಗಳ ಕೊನೆಯ ಪುಟಗಳಿಗೆ ಬಂದರೆ ದನಿ ಬದಲಾಗುತ್ತದೆ. ಅಲ್ಲಿರುವುದು ಒಣ ಕೋಷ್ಟಕ. ಒಟ್ಟು ಹೆರಿಗೆ ಎಷ್ಟು, ಮನೆಯಲ್ಲೇ ಆದದ್ದೆಷ್ಟು, ಆಸ್ಪತ್ರೆಗೆ ಸಾಗಿಸಿದ್ದೆಷ್ಟು, ಸಿಸೇರಿಯನ್ ಎಷ್ಟು, ಇಕ್ಕಳ ಹಾಕಿದ್ದೆಷ್ಟು, ಅವಳಿ ಎಷ್ಟು, ಕಾಲು ಮುಂದಾಗಿ ಬಂದ ಕೂಸುಗಳೆಷ್ಟು, ಉಳಿಯದೆ ಹೋದವೆಷ್ಟು ಎಂದು ಸಾಲು ಸಾಲಾಗಿ ಬರೆದಿಟ್ಟಿದ್ದಾರೆ. ದೇವರ ಸಾನ್ನಿಧ್ಯದ ಬಗ್ಗೆ ಪುಟಗಟ್ಟಲೆ ಬರೆದ ಹೆಂಗಸರು ಸತ್ತ ಕೂಸುಗಳ ಸಂಖ್ಯೆಯನ್ನು ಮುಚ್ಚಿಡಲಿಲ್ಲ. ಸಿಸೇರಿಯನ್ನಿನ ಪ್ರಮಾಣ ಶೇಕಡಾ 2ನ್ನೂ ಮುಟ್ಟಲಿಲ್ಲ. ದಾಖಲೆಯಿದ್ದುದರಿಂದಲೇ ಹೊರಗಿನ ಸಂಶೋಧಕರು ಅದನ್ನು ಪರೀಕ್ಷಿಸಲು ಸಾಧ್ಯವಾಯಿತು: ಅಲ್ಲಿ 1971ರಿಂದ 1989ರವರೆಗೆ ಹೆರಿಗೆಗೆ ನಿಂತ 1,707 ಮಹಿಳೆಯರ ಮಾಹಿತಿಯನ್ನು ಆಸ್ಪತ್ರೆಯ ಹೆರಿಗೆಗಳೊಂದಿಗೆ ಹೋಲಿಸಿದ ಅಧ್ಯಯನ 1992ರಲ್ಲಿ ಅಮೆರಿಕದ ಸಾರ್ವಜನಿಕ ಆರೋಗ್ಯ ಪತ್ರಿಕೆಯಲ್ಲಿ ಪ್ರಕಟವಾಗಿ, ಅಪಾಯ ಕಡಿಮೆಯಿರುವ ಬಸುರಿಯರಿಗೆ ಈ ಸೂಲಗಿತ್ತಿಯರ ಕೈಯಲ್ಲಿ ಆದ ಹೆರಿಗೆ ಕಡಿಮೆ ಸುರಕ್ಷಿತವೇನೂ ಆಗಿರಲಿಲ್ಲ ಎಂದು ತೋರಿಸಿತು.

ಕೂಸಿನ ತಲೆ ಹೊರಬಂದು ಭುಜ ಮಾತ್ರ ತಾಯಿಯ ಸೊಂಟದ ಮೂಳೆಗೆ ಸಿಕ್ಕಿಕೊಳ್ಳುವುದು ಹೆರಿಗೆಯಲ್ಲಿ ಎದೆ ನಡುಗಿಸುವ ಗಳಿಗೆ. ಕೈಯಲ್ಲಿರುವುದು ಕೆಲವೇ ನಿಮಿಷ. ಅಂಥ ಹೊತ್ತಿನಲ್ಲಿ ತಾಯಿಯನ್ನು ಅಂಗಾತ ಮಲಗಿಸಿಡದೆ, ಅಂಬೆಗಾಲಿಡುವ ಕೂಸಿನಂತೆ ಅಂಗೈ ಮತ್ತು ಮಂಡಿಯ ಮೇಲೆ ತಿರುಗಿಸಿದರೆ ಸೊಂಟದ ಮೂಳೆಗಳ ನಡುವೆ ಜಾಗ ಹಿಗ್ಗಿ ಭುಜ ಬಿಡಿಸಿಕೊಳ್ಳುತ್ತದೆ. ಗ್ವಾಟೆಮಾಲಾದ ಮಾಯಾ ಸೂಲಗಿತ್ತಿಯರಲ್ಲಿ ರೂಢಿಯಲ್ಲಿದ್ದ ಈ ಉಪಾಯವನ್ನು ಐನಾ ಮೇ ಕಲಿತು ಬಳಸಿದರು, ಬಳಸಿದ್ದನ್ನು ಬರೆದಿಟ್ಟರು. ಇಂಥ 82 ಪ್ರಕರಣಗಳ ವಿವರ 1998ರಲ್ಲಿ ವೈದ್ಯಕೀಯ ಪತ್ರಿಕೆಯಲ್ಲಿ ಬಂದ ಮೇಲೆ ಪ್ರಸೂತಿ ಶಾಸ್ತ್ರದ ಪುಸ್ತಕಗಳಲ್ಲಿ ಅದು ಅವರ ಹೆಸರಿನಿಂದಲೇ ಸೇರಿತು. ಪಾವಗಡದ ಸೂಲಗಿತ್ತಿ ನರಸಮ್ಮನವರಿಗೆ 2018ರಲ್ಲಿ ಪದ್ಮಶ್ರೀ ಬಂದ ಸುದ್ದಿ ಓದಿದಾಗ ನನಗೆ ಈ ಮಾಯಾ ಹೆಂಗಸರು ನೆನಪಾದರು. ಕೈಯಲ್ಲಿದ್ದ ವಿದ್ಯೆ ಅವರದು, ಪುಸ್ತಕದಲ್ಲಿ ನಿಂತ ಹೆಸರು ಬಿಳಿಯ ಹೆಂಗಸಿನದು; ಈ ಅಸಮಾಧಾನವನ್ನು ಹೇಳದೆ ಮುಂದೆ ಹೋಗುವುದು ಸರಿಯಲ್ಲ. ಆ ಉಪಾಯ ಎಲ್ಲಿಂದ ಬಂತು ಎಂಬುದನ್ನು ಐನಾ ಮೇ ಮುಚ್ಚಿಡಲಿಲ್ಲ ಎನ್ನುವುದನ್ನೂ ಹೇಳಬೇಕು.

ಹೆರಿಗೆಯ ಕೋಣೆಯಲ್ಲಿ ಇದ್ದ ಈ ಶಿಸ್ತು ಹಣಕಾಸಿನ ಕೋಣೆಯಲ್ಲಿ ಇರಲಿಲ್ಲ. ಗರ್ಭಪಾತ ಮಾಡಿಸಿಕೊಳ್ಳುವ ಬದಲು ನಮ್ಮಲ್ಲಿಗೆ ಬನ್ನಿ, ಹೆರಿಗೆ ಮಾಡಿಸುತ್ತೇವೆ, ಕೂಸನ್ನು ಸಾಕುತ್ತೇವೆ, ಯಾವಾಗ ಬೇಕೆನಿಸಿದರೂ ಬಂದು ಕರೆದುಕೊಂಡು ಹೋಗಿ ಎಂದು ಅವರು ದೇಶಕ್ಕೆಲ್ಲ ಸಾರಿದರು. ಬಂದ ಅತಿಥಿಗಳನ್ನು ಹೋಗೆನ್ನುವಂತಿಲ್ಲ. ಎಂಬತ್ತರ ದಶಕದ ಆರಂಭಕ್ಕೆ ಸಾವಿರಕ್ಕೂ ಹೆಚ್ಚು ಬಾಯಿಗಳಾದವು, ಅರ್ಧದಷ್ಟು ಮಕ್ಕಳೇ. ಒಂದೊಂದು ಮನೆಯಲ್ಲಿ ಮೂವತ್ತು ನಲವತ್ತು ಜನ, ಪಾಳಿಯಲ್ಲಿ ಸ್ನಾನ. ಆಸ್ಪತ್ರೆಗೆ ಕಳಿಸಿದ ಪ್ರತಿ ರೋಗಿಯ ಬಿಲ್ಲೂ ವಿಮೆಯಿಲ್ಲದ ಸಮುದಾಯದ ಹೆಸರಿಗೇ ಬರುತ್ತಿತ್ತು. ಅಮೆರಿಕದ ಬ್ಯಾಂಕ್ ಬಡ್ಡಿ ಶೇಕಡಾ 20ರ ಹತ್ತಿರ ಏರಿದ್ದ ವರ್ಷಗಳವು. ಬೇಸಾಯಕ್ಕೆಂದು ತಂದ ಸಾಲ ಬೆಳೆಯಿತು. ಒಂದು ಚಳಿಗಾಲವನ್ನಂತೂ ಬೇಯಿಸಿದ ಇಡೀ ಗೋಧಿ ತಿಂದೇ ಕಳೆದರು. ಯಾರಿಗೆ ಎಷ್ಟು ಬೇಕು, ಯಾರು ಎಷ್ಟು ದುಡಿಯುತ್ತಿದ್ದಾರೆ ಎಂದು ಕೇಳುವುದೇ ಸಣ್ಣತನ ಎಂಬ ಭಾವನೆ ಬೇರೂರಿತ್ತು, ಗುರುವಿನ ಮಾತಿನ ಮೇಲೆ ಮಾತಾಡುವುದೂ ಸುಲಭವಿರಲಿಲ್ಲ.

ಕೊನೆಗೆ 1983ರಲ್ಲಿ ಒಲೆಗಳು ಬೇರೆಯಾದವು. ನಮ್ಮಲ್ಲಿ ಕೂಡುಕುಟುಂಬ ಪಾಲಾಗುವಂತೆಯೇ ಅದೂ ಆಯಿತು, ವ್ಯತ್ಯಾಸವೆಂದರೆ ಇಲ್ಲಿ ನೆಲ ಮಾತ್ರ ಪಾಲಾಗದೆ ಎಲ್ಲರ ಹೆಸರಿನಲ್ಲೇ ಉಳಿಯಿತು. ಇನ್ನು ಮುಂದೆ ಪ್ರತಿಯೊಬ್ಬರೂ ಹೊರಗೆ ದುಡಿದು, ತಮ್ಮ ಮನೆ ತಾವು ನಡೆಸಿ, ಸಮುದಾಯಕ್ಕೆ ತಿಂಗಳ ಚಂದಾ ಕಟ್ಟಬೇಕು ಎಂದಾಯಿತು. ಹನ್ನೆರಡು ವರ್ಷ ಹಣ ಮುಟ್ಟದೆ ಬದುಕಿದವರು, ಮೂವತ್ತೈದು ದಾಟಿದವರು, ಮೂರು ನಾಲ್ಕು ಮಕ್ಕಳಿರುವವರು ರಾತ್ರೋರಾತ್ರಿ ಕೆಲಸ ಹುಡುಕಿಕೊಂಡು ಹೊರಡಬೇಕಾಯಿತು. ಬಹಳ ಮಂದಿ ಬಿಟ್ಟು ಹೋದರು, ಕೆಲವು ವರ್ಷಗಳಲ್ಲಿ ಉಳಿದವರು ಇನ್ನೂರು ಮುನ್ನೂರು.

ನಾನು ಅಲ್ಲಿಗೆ ಹೋದಾಗ ಸುತ್ತಾಡಿಸಿದ ಹಿರಿಯ ಮಹಿಳೆಯ ಮಾತಿನಲ್ಲಿ 1967ರ ಪ್ರಸ್ತಾಪವೇ ಹೆಚ್ಚು ಬರಲಿಲ್ಲ. ಹೇಟ್‌ನ ಬೀದಿ, ಸಂಗೀತ, ಮೊದಲ ಅಮಲಿನ ಮಾತ್ರೆ ಇವೆಲ್ಲವನ್ನೂ ಕೇಳುವವರ ಸಂತೋಷಕ್ಕೆಂಬಂತೆ ನಾಲ್ಕು ಮಾತಿನಲ್ಲಿ ಮುಗಿಸಿದರು. ಅವರ ದನಿ ಏರಿದ್ದು 1983ರ ಸಂಗತಿ ಬಂದಾಗ. ಯಾರು ಹೋದರು, ಯಾರ ಮನಸ್ಸು ಮುರಿಯಿತು, ತಂದೆಯಿಂದ ಬಂದ ಪಾಲನ್ನು ಹುಂಡಿಗೆ ಹಾಕಿದವರು ಬರಿಗೈಯಲ್ಲಿ ಹೇಗೆ ಹೊರಬಿದ್ದರು, ಚಂದಾ ಎಷ್ಟಿರಬೇಕೆಂದು ನಡೆದ ಸಭೆಗಳು ಎಷ್ಟು ಹೊತ್ತಿನ ತನಕ ಎಳೆದವು ಎಂಬುದನ್ನೆಲ್ಲ ಅವರು ನಿನ್ನೆ ಮೊನ್ನೆ ನಡೆದದ್ದರಂತೆ ಹೇಳಿದರು. ತಮ್ಮ ಯೌವನವನ್ನು ಹಿಂದಿರುಗಿ ನೋಡುವವರೆಲ್ಲ ಹೂವು ಹಾಡುಗಳನ್ನೇ ನೋಡುತ್ತಾರೆಂದು ನಾವು ಭಾವಿಸುತ್ತೇವೆ. ಇವರು ನೋಡುತ್ತಿದ್ದುದು ಒಂದು ಆಯವ್ಯಯ ಪತ್ರವನ್ನು, ಅದರಲ್ಲಿ ಯಾವ ಸಾಲು ತಪ್ಪಾಗಿತ್ತು ಎಂಬುದನ್ನು. ಅವರ ಬಗ್ಗೆ ನನಗೆ ಗೌರವ ಹುಟ್ಟಿದ್ದು ಅಲ್ಲೇ.

ಇಂಥದ್ದೇ ಇನ್ನೊಂದು ಕತೆಗೆ ನಮ್ಮ ದೇಶದಲ್ಲೇ ಕೊನೆ ಸಿಕ್ಕಿತು. ವುಡ್‌ಸ್ಟಾಕ್ ಸಂಗೀತೋತ್ಸವದಲ್ಲಿ 1969ರ ಆಗಸ್ಟಿನಲ್ಲಿ ನೆರೆದ ಸುಮಾರು ನಾಲ್ಕು ಲಕ್ಷ ಜನರಿಗೆ ಉಚಿತ ಅಡುಗೆಮನೆ ನಡೆಸಿದ ತಂಡದ ಮುಖ್ಯಸ್ಥ ವೇವಿ ಗ್ರೇವಿ. ಮರುವರ್ಷ ಭೋಲಾ ಚಂಡಮಾರುತದಲ್ಲಿ ನೊಂದ ಪೂರ್ವ ಪಾಕಿಸ್ತಾನದ ಜನರಿಗೆ ನೆರವು ಒಯ್ಯಬೇಕೆಂದು ಅವರ ತಂಡ ಯುರೋಪಿನಿಂದ ಬಸ್ಸಿನಲ್ಲಿ ಹೊರಟಿತು. ಯುದ್ಧದ ಕಾರಣ ಅಲ್ಲಿಗೆ ತಲುಪಲಾಗಲಿಲ್ಲ. ಆ ಪ್ರಯಾಣದಲ್ಲಿದ್ದ ಲ್ಯಾರಿ ಬ್ರಿಲಿಯಂಟ್ ಎಂಬ ಯುವ ವೈದ್ಯರು ಮುಂದೆ ಕೈಂಚಿಯ ನೀಮ್ ಕರೋಲಿ ಬಾಬಾ ಅವರ ಆಶ್ರಮ ಸೇರಿದರು. ಬಾಬಾ ಈ ವೈದ್ಯರನ್ನು ಧ್ಯಾನಕ್ಕೆ ಕೂರಿಸದೆ, ದೆಹಲಿಗೆ ಹೋಗಿ ವಿಶ್ವ ಆರೋಗ್ಯ ಸಂಸ್ಥೆಯ ಸಿಡುಬು ನಿರ್ಮೂಲನೆಯ ಕೆಲಸ ಸೇರು ಎಂದು ಮತ್ತೆ ಮತ್ತೆ ಅಟ್ಟಿದರು. ಉದ್ದ ಕೂದಲಿನ ಈ ಆಸಾಮಿಯನ್ನು ಕಚೇರಿಯವರು ಹಲವು ಸಲ ಹಿಂದಕ್ಕೆ ಕಳಿಸಿ, ಕೊನೆಗೆ 1973ರಲ್ಲಿ ಸೇರಿಸಿಕೊಂಡರು.

ಸಿಡುಬು ತೊಲಗಿದ್ದು ಭಕ್ತಿಯಿಂದಲ್ಲ, ಮನೆಮನೆಯ ಹುಡುಕಾಟದಿಂದ. ಲಕ್ಷಕ್ಕೂ ಹೆಚ್ಚು ಆರೋಗ್ಯ ಕಾರ್ಯಕರ್ತರು ಸಿಡುಬು ಎದ್ದ ಮಗುವಿನ ಚಿತ್ರವಿರುವ ಕಾರ್ಡನ್ನು ಪ್ರತಿ ಬಾಗಿಲಲ್ಲೂ ತೋರಿಸಿ, ಇಂಥವರನ್ನು ಕಂಡಿರಾ ಎಂದು ಕೇಳಿ, ಉತ್ತರವನ್ನು ಬರೆದುಕೊಂಡು, ರೋಗಿ ಸಿಕ್ಕಲ್ಲಿ ಸುತ್ತಲಿನವರಿಗೆಲ್ಲ ಲಸಿಕೆ ಹಾಕಿದರು. ಅದರಲ್ಲಿ ಬಹುಪಾಲು ದುಡಿಮೆ ಹೆಸರಿಲ್ಲದ ಭಾರತೀಯ ನೌಕರರದು. 1975ರ ಮೇ ಹೊತ್ತಿಗೆ ದೇಶದ ಕೊನೆಯ ಪ್ರಕರಣ ದಾಖಲಾಯಿತು. ಬ್ರಿಲಿಯಂಟ್, ವೇವಿ ಗ್ರೇವಿ, ಅದೇ ಬಾಬಾ ಅವರ ಅಮೆರಿಕನ್ ಶಿಷ್ಯ ರಾಮ್ ದಾಸ್ ಮೊದಲಾದವರು ಸೇರಿ 1978ರಲ್ಲಿ ಸೇವಾ ಫೌಂಡೇಷನ್ ಕಟ್ಟಿ ಕುರುಡುತನದ ಕಡೆ ತಿರುಗಿದರು. ಡಾ. ಜಿ. ವೆಂಕಟಸ್ವಾಮಿಯವರು 1976ರಲ್ಲಿ 11 ಹಾಸಿಗೆಗಳಿಂದ ಆರಂಭಿಸಿದ್ದ ಮಧುರೈನ ಅರವಿಂದ ಕಣ್ಣಿನ ಆಸ್ಪತ್ರೆಯೊಂದಿಗೆ ಕೈಜೋಡಿಸಿದರು. ಪೊರೆ ತೆಗೆದ ಮೇಲೆ ಕಣ್ಣೊಳಗೆ ಇಡುವ ಮಸೂರವನ್ನು ಆಗ ನೂರು ಡಾಲರಿಗೂ ಹೆಚ್ಚು ಬೆಲೆ ಕೊಟ್ಟು ಹೊರದೇಶದಿಂದ ತರಿಸಬೇಕಿತ್ತು. 1992ರಲ್ಲಿ ಮಧುರೈನಲ್ಲೇ ಅರೋಲ್ಯಾಬ್ ಕಾರ್ಖಾನೆ ತೆರೆದು ಅದನ್ನು ಹತ್ತು ಡಾಲರಿನೊಳಗೆ ತಯಾರಿಸುವಂತಾಯಿತು. ಆ ತಂತ್ರಜ್ಞಾನ ತರಿಸಲು ನೆರವಾದವರಲ್ಲಿ ಸೇವಾ ಫೌಂಡೇಷನ್ ಮುಖ್ಯವಾದದ್ದು, ಅದಕ್ಕೆ ಹಣ ಕೂಡಿಸಿಕೊಟ್ಟವುಗಳಲ್ಲಿ ಹಿಪ್ಪಿ ಕಾಲದ ರಾಕ್ ವಾದ್ಯಗೋಷ್ಠಿಗಳೂ ಇದ್ದವು. ದಕ್ಷಿಣ ಭಾರತದ ಎಷ್ಟೋ ಅಜ್ಜ-ಅಜ್ಜಿಯರು ಮತ್ತೆ ಮೊಮ್ಮಕ್ಕಳ ಮುಖ ನೋಡುವಂತಾದದ್ದರ ಹಿಂದೆ ಇದೂ ಇದೆ.

ಇದನ್ನೆಲ್ಲ ನೋಡಿದರೆ ಮಾರಿಕೊಂಡವರು, ಮಾರಿಕೊಳ್ಳದವರು ಎಂಬ ವಿಂಗಡಣೆ ನನಗೆ ಪೊಳ್ಳೆನಿಸುತ್ತದೆ. ಲೆಕ್ಕ, ದಾಖಲೆ, ಕಚೇರಿ, ವೇಳಾಪಟ್ಟಿ ಇವುಗಳಿಂದ ತಪ್ಪಿಸಿಕೊಂಡು ಓಡಿಬಂದ ಪೀಳಿಗೆಯದು. ಅವರಲ್ಲಿ ಯಾರು ತಮಗೆ ಪ್ರಿಯವಾದ ಕೆಲಸಕ್ಕಾಗಿ ತಾವಾಗಿಯೇ ಮತ್ತೆ ರಿಜಿಸ್ಟರು ಹಿಡಿದರೋ ಅವರ ಕೆಲಸ ಉಳಿದಿದೆ. ಪ್ರೀತಿಯಿದ್ದರೆ ಸಾಕು, ಉಳಿದದ್ದು ತಾನೇ ಆಗುತ್ತದೆ ಎಂದು ನಂಬಿದ ಕಡೆಗಳಲ್ಲಿ ಪ್ರೀತಿಯೂ ಹೆಚ್ಚು ಕಾಲ ನಿಲ್ಲಲಿಲ್ಲ. ಹೇಟ್‌ನ ಚಿಕಿತ್ಸಾಲಯಕ್ಕೂ ಇದೇ ಮಾತು ಸಲ್ಲುತ್ತದೆ. ಹಾಡಿ ಕುಣಿದವರು ಊರು ಬಿಟ್ಟ ಮೇಲೂ ಬಾಗಿಲು ತೆರೆದಿಟ್ಟುಕೊಂಡು ದಶಕಗಳ ಕಾಲ ರೋಗಿಗಳನ್ನು ನೋಡಿದ್ದು ಅದು.

ಈಗ ಫಾರ್ಮ್‌ನಲ್ಲಿ ಉಳಿದ ಹಿರಿಯರ ಎದುರಿಗಿರುವುದೂ ಒಂದು ಲೆಕ್ಕವೇ. ಅಮೆರಿಕದ ಸೋಷಿಯಲ್ ಸೆಕ್ಯುರಿಟಿ ಪಿಂಚಣಿ ಸಿಗಬೇಕಾದರೆ ತೆರಿಗೆ ಕಟ್ಟಿದ ದುಡಿಮೆಯ 40 ತ್ರೈಮಾಸಿಕಗಳು, ಅಂದರೆ ಹತ್ತು ವರ್ಷ, ತುಂಬಿರಬೇಕು. ಸಿಗುವ ಮೊತ್ತವೂ ಮೂವತ್ತೈದು ವರ್ಷಗಳ ಗಳಿಕೆಯನ್ನು ಅವಲಂಬಿಸಿದೆ. ಸಂಬಳವಿಲ್ಲದೆ ಗದ್ದೆಯಲ್ಲೂ ಹೆರಿಗೆಮನೆಯಲ್ಲೂ ದುಡಿದ ವರ್ಷಗಳು ಆ ಖಾತೆಯಲ್ಲಿ ಸೊನ್ನೆ. ನೆಲ ಸಮುದಾಯದ್ದಾದ್ದರಿಂದ, ಮುಪ್ಪಿನಲ್ಲಿ ಬೇರೆಯವರಂತೆ ಮನೆ ಜಾಗ ಮಾರಿ ಶುಶ್ರೂಷೆಯ ಖರ್ಚಿಗೆ ಇಟ್ಟುಕೊಳ್ಳುವ ದಾರಿಯೂ ಸಲೀಸಲ್ಲ. ಗ್ಯಾಸ್ಕಿನ್ ಇದನ್ನು ಮುಂಚೆಯೇ ಊಹಿಸಿ, ಪಕ್ಕದ ನೆಲದಲ್ಲಿ ವಯಸ್ಸಾದ ಹಿಪ್ಪಿಗಳಿಗೆಂದೇ ಒಂದು ನೆಲೆ ಕಟ್ಟಲು ಹೊರಟು, ಅದಕ್ಕೆ ಸ್ಪೇನಿನ ಹಳೆಯ ಹಾಸ್ಯ ಕಾದಂಬರಿಯ ನಾಯಕ ಡಾನ್ ಕಿಹೋತೆಯ ಬಡಕಲು ಕುದುರೆಯ ಹೆಸರಾದ ರೋಸಿನಾಂತೆ ಎಂದು ಹೆಸರಿಟ್ಟಿದ್ದರು. ತಮ್ಮನ್ನು ತಾವೇ ನಕ್ಕುಕೊಳ್ಳುವ ಶಕ್ತಿ ಅವರಲ್ಲಿ ಕಡೆಯವರೆಗೂ ಇತ್ತು. ಅವರು 2014ರ ಜುಲೈ 1ರಂದು ತೀರಿಕೊಂಡರು. ಐನಾ ಮೇ ಅದಕ್ಕೆ ಮೂರು ವರ್ಷ ಮೊದಲು, 2011ರಲ್ಲಿ, ರೈಟ್ ಲೈವ್ಲಿಹುಡ್ ಪ್ರಶಸ್ತಿಯನ್ನು ತಮ್ಮ ಕೆಲಸಕ್ಕಾಗಿಯೇ ಪಡೆದಿದ್ದರು.

ಅಲ್ಲಿ ಹುಟ್ಟಿ ಬೆಳೆದ ಮಕ್ಕಳಲ್ಲಿ ಕೆಲವರು ತಂದೆತಾಯಿಯರ ಮೇಲಿನ ಸಿಟ್ಟನ್ನು ಇನ್ನೂ ಬಿಟ್ಟಿಲ್ಲ. ನಲವತ್ತು ಜನರ ಮನೆಯಲ್ಲಿ ಅಮ್ಮನ ಮಡಿಲು ಪಾಳಿಯ ಮೇಲೆ ಸಿಗುತ್ತಿತ್ತು ಎನ್ನುವವರಿದ್ದಾರೆ, ಅದಕ್ಕಿಂತ ಒಳ್ಳೆಯ ಬಾಲ್ಯ ಯಾರಿಗೆ ಸಿಕ್ಕೀತು ಎನ್ನುವವರೂ ಇದ್ದಾರೆ. ಕೆಲವರು ಹಿಂತಿರುಗಿ ಬಂದು ಅಲ್ಲೇ ಮನೆ ಮಾಡಿದ್ದಾರೆ. ನನ್ನ ಜೊತೆ ನಡೆಯುತ್ತಿದ್ದ ಆ ಹಿರಿಯ ಮಹಿಳೆಯ ಚಿಂತೆ ತತ್ವದ್ದಾಗಿರಲಿಲ್ಲ. ರಸ್ತೆ ರಿಪೇರಿಗೂ ನೀರಿನ ಪಂಪಿಗೂ ಚಂದಾ ಕಟ್ಟಬಲ್ಲ, ಕೈಕಾಲು ಗಟ್ಟಿಯಿರುವ ಮೂವತ್ತರ ಜೋಡಿಗಳು ಇನ್ನೂ ಎಷ್ಟು ಬೇಕು, ನ್ಯಾಶ್‌ವಿಲ್‌ನ ಬಾಡಿಗೆ ಹೀಗೇ ಏರುತ್ತಾ ಹೋದರೆ ಅವರು ಇತ್ತ ಬಂದಾರೇ ಎಂದು ಅವರು ನನ್ನನ್ನೇ ಕೇಳಿದರು. ನನ್ನ ಮನೆಯ ಬಾಡಿಗೆ ಎಷ್ಟೆಂದು ಕೇಳಿ ತಿಳಿದುಕೊಂಡು, ತಮ್ಮ ಚಂದಾದ ಜೊತೆ ಅದನ್ನು ಅಲ್ಲೇ ಹೋಲಿಸಿ ನೋಡಿದರು.